ಹದಿಮೂರರ ಬೋಲ್ಟು

ಮನೆಯ ಹಿಂದಿನ ಷೆಡ್ಡಿನಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಚಿನಕುರುಳಿಗೆ,

ನಿನ್ನ ಮಾವನ ಆಶೀರ್ವಾದ. ಹೇಗಿದ್ದೀಯ? ಹೋದ ಸಲ ಬರೆದಿದ್ದ ಕೆಮ್ಮು ಇಳಿಯಿತೇ? ಡೀಸೆಲ್ ಹೊಗೆಯ ಕೆಮ್ಮಾದರೆ ಹೊರಗೆ ಬಂದು ಗಾಳಿ ಕುಡಿ, ನೆಗಡಿಯ ಕೆಮ್ಮಾದರೆ ಬಿಸಿನೀರು ಕುಡಿ, ಕೆಲಸ ತಪ್ಪಿಸುವ ಕೆಮ್ಮಾದರೆ ಮಾವನ ಹತ್ತಿರ ಕಲಿತದ್ದು ಅಂತ ಯಾರಿಗೂ ಹೇಳಬೇಡ. ಕೈಗೆ ಸೋಪು ಹಾಕುವ ಮುಂಚೆ ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜು, ಗ್ರೀಸು ತಾನಾಗಿ ಬಿಡುತ್ತದೆ. ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಹೊಲಿಗೆ ಮೆಷಿನ್ ಚೆನ್ನಾಗಿದೆ, ಆದ್ದರಿಂದ ಅತ್ತೆಯೂ ಚೆನ್ನಾಗಿದ್ದಾಳೆ. ಲಕೋಟೆ ಯಾಕೆ ಇಷ್ಟು ಭಾರ ಅಂತ ಕಣ್ಣರಳಿಸಬೇಡ. ಒಳಗೊಂದು ಪುಟ್ಟ ಬಟ್ಟೆಯ ಗಂಟಿದೆ. ಕಾಗದ ಓದಿ ಮುಗಿಸುವ ತನಕ ಬಿಚ್ಚಕೂಡದು. ಬರೀ ಗಂಟು ಹಾಕಿದ್ದರೆ ನೀನು ಇಷ್ಟು ಹೊತ್ತಿಗೆ ಬಿಚ್ಚಿರುತ್ತಿದ್ದೆ, ಅದಕ್ಕೇ ಅತ್ತೆಯ ಕೈಲಿ ಒತ್ತೊತ್ತಾಗಿ ಹೊಲಿಸಿದ್ದೇನೆ.

ನಿನ್ನ ಕಾಗದವನ್ನು ಓದಿ, ಮಡಚಿ, ಮತ್ತೆ ಓದಿದೆ. ನಿಮ್ಮ ವರ್ಕ್‌ಶಾಪಿನಲ್ಲಿ ಕಲಿಯುವಷ್ಟು ದಿನ ಎಲ್ಲರಿಗೂ ಸೇರಿದ ಟೂಲ್ಸ್ ಕೊಡುತ್ತಾರೆ, ಆಮೇಲೆ ಮೆಕ್ಯಾನಿಕ್ ಅನ್ನಿಸಿಕೊಳ್ಳುವವರು ತಮ್ಮ ಸ್ವಂತ ಪೆಟ್ಟಿಗೆ ತರಬೇಕು, ಇದು ಸರಿ, ಎಲ್ಲ ಕಡೆಯೂ ಹೀಗೇ. ಪಕ್ಕದ ಬೆಂಚಿನವನು ದೊಡ್ಡ ಕಂಪನಿಯ ಪೂರಾ ಸೆಟ್ಟನ್ನು ಕಂತಿನಲ್ಲಿ ತಗೊಂಡು ಮೆರೆಯುತ್ತಿದ್ದಾನೆ, ಅದೂ ಸರಿ, ಮೆರೆಯಲಿ. ಆದರೆ ನಿಮ್ಮ ಫೋರ್‌ಮನ್ ನಿನಗೆ 'ಪೆಟ್ಟಿಗೆ ತರೋದು ಬೇಡಾಂದ್ರೆ ಸ್ಪೇರ್ ಪಾರ್ಟ್ಸ್ ಕೌಂಟರಲ್ಲಿ ಕೂತ್ಕೋಮ್ಮ, ಫ್ಯಾನಿದೆ, ಕುರ್ಚಿಯಿದೆ' ಅಂದದ್ದು, ನೀನು ಬುಧವಾರ ಹೇಳ್ತೀನಿ ಅಂದದ್ದು, ಇದು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಹದಿನಾರು ನಟ್ಟಿನ ನಡುವೆ ಸಡಿಲವಾದ ಒಂದನ್ನು ಬೆರಳಲ್ಲೇ ಹುಡುಕುವ ಹುಡುಗಿ ಕೌಂಟರಿನಲ್ಲಿ ಕೂತು ವಾಷರ್ ಎಣಿಸುವುದೇ? ನಾನು ಆಗಲೇ ಫೋರ್‌ಮನ್ನಿಗೆ ಫೋನ್ ಮಾಡಲು ಹೊರಟೆ. ಅತ್ತೆ ಫೋನ್ ಕಿತ್ತುಕೊಂಡು ಬ್ಲೌಸ್ ಪೀಸುಗಳ ಅಡಿಯಲ್ಲಿ ಎಲ್ಲೋ ಬಚ್ಚಿಟ್ಟಳು. ಇನ್ನೂ ಸಿಕ್ಕಿಲ್ಲ. ಅದಕ್ಕೇ ಈ ಕಾಗದ.

ಇವತ್ತು ಬೆಳಿಗ್ಗೆ ನಿಮ್ಮಪ್ಪ ಬಂದರು, ಕಂಕುಳಲ್ಲಿ ಒಂದು ಪೆಟ್ಟಿಗೆ. ನಮ್ಮ ಭಾವನವರ ಬುದ್ಧಿ ನಿನಗೆ ಗೊತ್ತಲ್ಲ, ತೂಕಕ್ಕೆ ಕೊಟ್ಟರೆ ವಿಮಾನವನ್ನೂ ತರುವ ಮನುಷ್ಯ. 'ನೋಡಯ್ಯಾ, ಒಂದೇ ಡಬ್ಬಿಲಿ ಇಡೀ ಗ್ಯಾರೇಜು! ನಿನ್ನ ಕಂಪನಿ ಸ್ಪ್ಯಾನರ್ ಒಂದರ ಬೆಲೇಲಿ ಅರ್ಧ ಪೆಟ್ಟಿಗೆ ಬಂತು' ಅಂದರು. ಮೇಲಿನ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಲು ಮೇಜಿನ ಮೇಲಿದ್ದ ಕತ್ತರಿಗೆ ಕೈಹಾಕಿದರು ನೋಡು, ಅತ್ತೆ ಒಳಗಿಂದ ಹೇಗೆ ಕೂಗಿದಳೆಂದರೆ ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ ನಿಂತಿತು. 'ಅಣ್ಣಾ! ಅದು ಬಟ್ಟೆ ಕತ್ತರಿ! ಪ್ಲಾಸ್ಟಿಕ್ಕಿಗೆ ಅಲ್ಲಿ ಮೊಳೆಗೆ ನೇತುಹಾಕಿರೋದು ತಗೊಳ್ಳಿ!' ಭಾವನವರು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು.

ಪೆಟ್ಟಿಗೆ ತೆರೆದರೆ ಎಲ್ಲವೂ ಫಳಫಳ. ನಾನು ಬಿಡುತ್ತೇನೆಯೇ? 'ಭಾವ, ಇದು ಕನ್ನಡಿ, ಮುಖ ನೋಡ್ಕೊಳ್ಳಿ, ಬೋಲ್ಟ್ ಬಿಚ್ಚಬೇಡಿ' ಅಂದೆ. ಕೊಂಡರೆ ಎಲ್ಲವನ್ನೂ ದೊಡ್ಡ ಕಂಪನಿಯದೇ ಕೊಳ್ಳಬೇಕು, ಇಲ್ಲದಿದ್ದರೆ ಬರಿಗೈಲೇ ಬಿಚ್ಚಬೇಕು, ಇದು ನನ್ನ ವಾದ. ಅವರದು ಅಗ್ಗದ್ದೇ ಸಾಕು, ಮುರಿದರೆ ಇನ್ನೊಂದು. ಮಾತಿಗೆ ಮಾತು ಬೆಳೆಯಿತು. ಕೊನೆಗೆ 'ಒಂದೊಂದಾಗಿ ನೆಲಕ್ಕೆ ಬೀಳಿಸಿ, ಸದ್ದು ಕೇಳಿ ಹೇಳ್ತೀನಿ' ಅಂತ ನಾನು ಗೋಡೆಗೆ ಮುಖ ಮಾಡಿ ನಿಂತೆ. ಒಳ್ಳೆಯ ಉಕ್ಕು ಯಾವುದು, ಕೆಟ್ಟದ್ದು ಯಾವುದು ಅಂತ ನೆಲಕ್ಕೆ ಬಿದ್ದ ಸದ್ದಿನಲ್ಲೇ ಹೇಳುವ ಕಿವಿ ಈ ಸುತ್ತಮುತ್ತ ಇರುವುದು ನನಗೊಬ್ಬನಿಗೇ. ಏಳನೇ ಕ್ಲಾಸಿನಲ್ಲಿದ್ದಾಗಲೇ ಮೇಷ್ಟ್ರ ಸೈಕಲ್ ತಿರುವಿನಲ್ಲಿರುವಾಗ ಚೈನಿನ ಸದ್ದು ಕೇಳಿ ಇಡೀ ಕ್ಲಾಸನ್ನು ಕೂರಿಸುತ್ತಿದ್ದವನು ನಾನು. ಭಾವನವರು ಒಂದು ಬೀಳಿಸಿದರು, 'ಅಗ್ಗದ್ದು' ಅಂದೆ, ಸರಿಯಾಯಿತು. ಇನ್ನೊಂದು, ಅದೂ ಸರಿ. ಮೂರನೆಯದು ಬಿತ್ತು, ಆಹಾ, ಗಂಟೆಯ ಹಾಗೆ! 'ಇದಪ್ಪಾ ಉಕ್ಕು, ಕಣ್ಮುಚ್ಕೊಂಡು ತಗೊಳ್ಳಿ' ಅಂತ ತಿರುಗಿದರೆ ನೆಲದ ಮೇಲೆ ಅತ್ತೆಯ ಸೌಟು. ನಿಮ್ಮಪ್ಪ ನಕ್ಕು ನಕ್ಕು ಸ್ಟೂಲಿನಿಂದ ಜಾರಿದರು. ಈಗಲೂ ಹೇಳುತ್ತೇನೆ, ಆ ಸೌಟಿನ ಉಕ್ಕು ಬಹಳ ಚೆನ್ನಾಗಿದೆ.

ಸೌಟು ಹುಡುಕಿಕೊಂಡು ಬಂದ ಅತ್ತೆ ಅದನ್ನು ಸೆರಗಿನಲ್ಲಿ ಒರೆಸುತ್ತ ನಮ್ಮಿಬ್ಬರನ್ನೂ ನೋಡಿದಳು. 'ನನ್ ಹತ್ರ ಎರಡು ಕತ್ತರಿ ಯಾಕಿದೆ ಗೊತ್ತಾ? ಕತ್ತರಿ ಸರಿಯಿಲ್ದೆ ಬಟ್ಟೆ ಕೆಡೋ ಕಡೆ ಒಳ್ಳೇದು. ಕೆಲಸ ಒರಟಾಗಿ ಕತ್ತರೀನೇ ಕೆಡೋ ಕಡೆ ಅಗ್ಗದ್ದು. ಇಷ್ಟಕ್ಕೆ ನನ್ ಸೌಟು ಯಾಕೆ ಎಸೆದಾಡ್ತೀರಿ' ಅಂತ ಹೇಳಿ ಒಳಗೆ ಹೋದಳು. ಆಮೇಲೆ ನಾನು ಜೇಬಿನಿಂದ ನನ್ನ ಬೋಲ್ಟು ತೆಗೆದೆ. ನಿನಗೆ ನೆನಪಿದೆಯಲ್ಲ, ಹದಿಮೂರು ಮಿಲಿಮೀಟರಿನ ಸ್ಪ್ಯಾನರ್ ಕೂರುವ ಬೋಲ್ಟು, ಎಂಜಿನ್ನಿಗೆ ಒಮ್ಮೆಯೂ ಹಾಕದೆ ಮೂಲೆಗಳು ಚೂಪಾಗಿ ಉಳಿದಿರುವಂಥದ್ದು, ಟೂಲ್ಸ್ ಅಂಗಡಿಗೆ ಹೋದಾಗಲೆಲ್ಲ ನನ್ನ ಜೊತೆ ಬರುವುದು. ಅಂಗಡಿಯವನು ನನ್ನನ್ನು ಬೋಲ್ಟ್ ಮಾವ ಅಂತ ಕರೆಯುವುದು ಅದಕ್ಕೇ. ನಿಮ್ಮಪ್ಪನ ಪೆಟ್ಟಿಗೆಯ ರಿಂಗ್ ಸ್ಪ್ಯಾನರನ್ನು ಅದಕ್ಕೆ ಹಾಕಿ ಅವರ ಕೈಗೇ ಕೊಟ್ಟೆ. ಅಲ್ಲಾಡಿಸಿ ನೋಡಿದರು. ಬೀಳಲಿರುವ ಹಲ್ಲಿನ ಹಾಗೆ ಲೊಳಲೊಳ. ಆಮೇಲೆ ನನ್ನ ಸ್ಪ್ಯಾನರ್ ಹಾಕಿ ಕೊಟ್ಟೆ. ಅಲ್ಲಾಡಿಸಿದರು, ಅಲ್ಲಾಡಲಿಲ್ಲ. 'ಇದರಲ್ಲಿ ಬಲವಾಗಿ ಎಳೆದ್ರೆ?' ಅಂತ ತಮ್ಮದನ್ನು ತೋರಿಸಿ ಕೇಳಿದರು. 'ಬೋಲ್ಟಿನ ಮೂಲೆ ದುಂಡಗಾಗುತ್ತೆ, ಕೈ ಜಾರಿ ಕಬ್ಬಿಣಕ್ಕೆ ಬಡಿಯುತ್ತೆ' ಅಂದೆ. 'ಅವಳ ಕೈಯಾ?' ಅಂದರು. ಹೂಂ ಅಂದೆ. ಅವರು ತಾವೇ ಒಂದೊಂದಾಗಿ ರಿಂಗ್ ಸ್ಪ್ಯಾನರ್, ಸಾಕೆಟ್ಟು, ರ‍್ಯಾಚೆಟ್ಟು ಎಲ್ಲ ಹೊರಗೆ ತೆಗೆದಿಟ್ಟರು. 'ಅಪ್ಪನಿಗೆ ನನ್ನ ಕಸುಬು ಹಿಡಿಸಿಲ್ಲ' ಅಂತ ನೀನು ಬರೆದಿದ್ದೆಯಲ್ಲ, ಹಿಡಿಸದವರು ಹೀಗೆ ಮಾಡುವುದಿಲ್ಲ ಕಣೇ.

ಈಗ ನನ್ನ ತೀರ್ಮಾನ ಕೇಳು. (ಅತ್ತೆಯ ತೀರ್ಮಾನ, ಆದರೆ ವಿವರಣೆ ನನ್ನದು.) ಸುತ್ತಿಗೆ, ಉಳಿ, ಮೀಟುಗೋಲು, ವೈರ್ ಬ್ರಷ್ಷು, ವರ್ಷಕ್ಕೊಮ್ಮೆ ಕೈಗೆ ಬರುವ ದೊಡ್ಡ ಸ್ಪ್ಯಾನರುಗಳು, ಕೊನೆಗೆ ಪೆಟ್ಟಿಗೆ, ಇವೆಲ್ಲ ಅಪ್ಪ ತಂದದ್ದೇ ಇರಲಿ, ಪಾರ್ಸಲ್ಲಿನಲ್ಲಿ ಬರುತ್ತಿವೆ. ಆ ಲೊಳಲೊಳ ಸ್ಪ್ಯಾನರುಗಳನ್ನೂ ಬಿಸಾಡಿಲ್ಲ. ಕೈ ತೂರದ ಸಂದಿಗೆ ಸ್ಪ್ಯಾನರನ್ನು ಕಾಯಿಸಿ ಬಗ್ಗಿಸಬೇಕಾಗುತ್ತದಲ್ಲ, ಒಳ್ಳೆಯದನ್ನು ಹಾಗೆ ಬೆಂಕಿಗೆ ಹಿಡಿಯಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೆ ಇವು. ಆದರೆ ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಕೈಯಲ್ಲಿರುವ ಸಣ್ಣ ರಿಂಗ್ ಸ್ಪ್ಯಾನರುಗಳು, ಸಾಕೆಟ್ಟುಗಳು, ಅವನ್ನು ತಿರುಗಿಸುವ ಒಂದು ರ‍್ಯಾಚೆಟ್ಟು, ಸ್ಟಾರ್ ಸ್ಕ್ರೂಡ್ರೈವರು, ಇಷ್ಟು ಮಾತ್ರ ಒಳ್ಳೆಯ ಕಂಪನಿಯದು. ಬೋಲ್ಟನ್ನು ಸುತ್ತುವ ಅವುಗಳ ಗೋಡೆ ತೆಳು, ದಪ್ಪನೆಯದು ಇಳಿಯದ ಕಡೆ ಇಳಿಯುತ್ತವೆ, ಮುರಿದರೆ ಅಂಗಡಿಯವನು ತುಟಿಪಿಟಕ್ಕೆನ್ನದೆ ಬದಲಿ ಕೊಡುತ್ತಾನೆ. ಪೂರಾ ಸೆಟ್ಟು ಬೇಡ, ಕಂತೂ ಬೇಡ. ಪಕ್ಕದ ಬೆಂಚಿನವನು ನಕ್ಕರೆ ನಗಲಿ, ಅವನ ಪೆಟ್ಟಿಗೆಯಲ್ಲಿ ಅರ್ಧದಷ್ಟು ಟೂಲ್ಸಿಗೆ ಇನ್ನೂ ಗ್ರೀಸು ಮೆತ್ತಿರುವುದಿಲ್ಲ. 'ದುಡ್ಡು ಸುರಿದ ಮೇಲೆ ನನ್ನ ಕೈಲಾಗದಿದ್ದರೆ?' ಅಂತ ಕೇಳಿದ್ದೀಯ. ಕೈಲಾಗುತ್ತದೋ ಇಲ್ಲವೋ ಅಂತ ಆ ಲೊಳಲೊಳ ಸ್ಪ್ಯಾನರ್ ಹಿಡಿದು ನೋಡಿದರೆ ನನ್ನಂಥ ನನಗೂ ಆಗುವುದಿಲ್ಲ. ಸರಿಯಾದ್ದು ಹಿಡಿದು ನೋಡು. ಬುಧವಾರ ಫೋರ್‌ಮನ್ ಮುಂದೆ ನಿಂತು, 'ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡಿ ಸಾರ್' ಅನ್ನು. ಇದು ಮಾವನ ಸಲಹೆಯಲ್ಲ, ಹುಕುಂ.

ಮನೆಯವರೆಲ್ಲರ ಪ್ರೀತಿ. ನಿಮ್ಮಪ್ಪ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಕೈ ಜೋಪಾನ, ನಗು ಜೋಪಾನ.

ಇಂತಿ ನಿನ್ನ ಸೋದರಮಾವ,
ಸೌಟಿನ ಹೊರತು ಬೇರೆಲ್ಲೂ ಸೋಲದವನು

ಮರೆತಿದ್ದೆ: ಈಗ ಗಂಟಿನ ಹೊಲಿಗೆ ಬಿಚ್ಚು. ಹೌದು, ಅದೇ ಬೋಲ್ಟು. ಒಳ್ಳೆಯ ಸ್ಪ್ಯಾನರುಗಳನ್ನು ನಾನೇ ಕೊಂಡು ಕಳಿಸೋಣವೆಂದಿದ್ದೆ. 'ನನ್ ಕತ್ತರಿ ಬೇರೆಯವರು ಆರಿಸಿದ್ರಾ?' ಅಂತ ಅತ್ತೆ ಬಾಯಿ ಮುಚ್ಚಿಸಿದಳು. ಆದ್ದರಿಂದ ನೀನೇ ಅಂಗಡಿಗೆ ಹೋಗು, ಹೆಸರು ನೋಡಬೇಡ, ಬೋಲ್ಟಿಗೆ ಹಾಕಿ ಅಲ್ಲಾಡಿಸಿ ನೋಡು. ಈ ಲಕೋಟೆ ಅಂಟಿಸಲು ಗೋಂದು ತರುವಾಗ ನಮ್ಮ ಟೂಲ್ಸ್ ಅಂಗಡಿಯವನು ಅಭ್ಯಾಸಬಲದಿಂದ, 'ಎಲ್ಲಿ ಮಾವ, ಬೋಲ್ಟು ತೆಗೀರಿ' ಅಂದ. ಜೇಬಿಗೆ ಕೈಹಾಕಿದೆ, ಖಾಲಿ. 'ಅದು ಕೆಲಸಕ್ಕೆ ಸೇರ್ಕೊಂಡಿದೆ ಕಣಯ್ಯಾ, ನಮ್ ಹುಡುಗಿ ಜೊತೆ' ಅಂದುಬಿಟ್ಟಿದ್ದೇನೆ. ನನ್ನ ಮಾತು ಸುಳ್ಳು ಮಾಡಬೇಡ.