ನೆಲದೊಳಗಿನ ಒಂಬತ್ತೂವರೆ ಅಡಿ

ಮನೆ, ಊಟದ ಮೇಜು
ಭಾನುವಾರ, ಫೆಬ್ರವರಿ ೯

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಮಾತಾಡಿದಾಗ ಪ್ರತಿ ವಾಕ್ಯಕ್ಕೂ ಎರಡೆರಡು ಸಲ ಕೆಮ್ಮುತ್ತಿದ್ದೆ. ಹೌದು, ಎಣಿಸಿದೆ, ಕಟ್ಟಡಗಳನ್ನು ಅಳೆದು ಬಿಲ್ಲು ಪರಿಶೀಲಿಸಿದ ಮೂವತ್ತನಾಲ್ಕು ವರ್ಷದ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಿಸಿನೀರು ಕುಡಿ, ಊಟ ತಪ್ಪಿಸಬೇಡ, ಕಿಟಕಿ ತೆರೆದಿಟ್ಟು ಮಲಗಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಹೊಸ ಕನ್ನಡಕ ಬಂದಿದೆ. ಈಗ ಗೋಡೆಯ ಬಿರುಕುಗಳೆಲ್ಲ ಅವರಿಗೆ ಕಾಣುತ್ತಿವೆಯಂತೆ, ದಿನಕ್ಕೊಂದನ್ನು ತೋರಿಸಿ ನನ್ನ ತಲೆ ತಿನ್ನುತ್ತಾರೆ. ಮೊದಲಿನ ಕನ್ನಡಕವೇ ನನಗೆ ವಾಸಿಯಾಗಿತ್ತು.

ನನ್ನ ಮಂಡಿಯ ವಿಷಯ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಿವೃತ್ತಿಯಾದ ಮೇಲೆ ಏಣಿ ಹತ್ತುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೆ. ಹತ್ತಲಿಲ್ಲ, ಇಳಿದೆ. ಇಳಿದ ಮೇಲೆ ಹತ್ತದೆ ವಿಧಿ ಇರಲಿಲ್ಲ, ಅದನ್ನು ನೀನು ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಗಾಯಿತು ಎಂದರೆ, ಬಸ್ ನಿಲ್ದಾಣದ ಹಿಂದೆ ಹೊಸ ಗ್ರಂಥಾಲಯ ಕಟ್ಟುತ್ತಿದ್ದರಲ್ಲ, ನಾಲ್ಕು ತಿಂಗಳಿಂದ ಅದರ ಕೆಲಸ ನಿಂತಿತ್ತು. ಮೂರು ಮಹಡಿ ಎದ್ದಿದೆ, ಕಿಟಕಿಗಳಿಗೆ ಚೌಕಟ್ಟಿಲ್ಲ, ಒಳಗೆಲ್ಲ ಪಾರಿವಾಳಗಳ ಸಂಸಾರ. ಮಾಡಿದ ಕೆಲಸಕ್ಕೆ ಹಣ ಬಂದಿಲ್ಲ ಎಂದು ಗುತ್ತಿಗೆದಾರ ಹೇಳುತ್ತಿದ್ದ, ಮಾಡಿದ್ದಕ್ಕೆಲ್ಲ ಕೊಟ್ಟಾಗಿದೆ ಎಂದು ಗ್ರಂಥಾಲಯ ಸಮಿತಿಯ ಕಾರ್ಯದರ್ಶಿ ಹೇಳುತ್ತಿದ್ದರು. ಇವರಿಬ್ಬರ ಜಗ್ಗಾಟದ ನಡುವೆ ಮೂವತ್ತೇಳು ಕೆಲಸಗಾರರು ಕೂಲಿ ಸಿಗದೆ ತಗಡಿನ ಶೆಡ್ಡಿನಲ್ಲಿ ಕಾಯುತ್ತಿದ್ದರು. ಇಬ್ಬರೂ ಒಪ್ಪುವ ಮೂರನೆಯವರಿಂದ ಮತ್ತೆ ಅಳೆಸಿ ಎಂದು ಎರಡೂ ಕಡೆಯ ವಕೀಲರು ಹೇಳಿದರಂತೆ. ತಮಾಷೆಯೆಂದರೆ ಇಬ್ಬರೂ ನನ್ನ ಹೆಸರನ್ನೇ ಕೊಟ್ಟರು. ಹತ್ತು ವರ್ಷದ ಹಿಂದೆ ಇದೇ ಗುತ್ತಿಗೆದಾರನ ಬಿಲ್ಲನ್ನು ನಾನು ಚೆನ್ನಾಗಿ ಕತ್ತರಿಸಿದ್ದೆ. "ನಿಮ್ಮ ಕತ್ತರಿ ಏಟು ತಿಂದವನು ನಾನು ಮೇಡಂ. ಆದ್ರೂ ಇಲ್ಲದ್ದನ್ನ ನೀವು ಬರೆಯಲ್ಲ" ಎಂದ. ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ, ಒಪ್ಪಿಕೊಂಡೆ.

ಟೇಪಿನ ಇನ್ನೊಂದು ತುದಿ ಹಿಡಿಯಲು ಸಮಿತಿಯ ಅಳತೆಗಾರನನ್ನೇ ಕರೆದೆ. ಮೂವತ್ತರ ಆಸುಪಾಸಿನವನು, ಮದುವೆಯಾಗಿ ಒಂದು ಮಗುವಿದೆ, ಮಾತು ಕಡಿಮೆ, ಕೈಬರಹ ಮುತ್ತಿನಂಥದ್ದು. ಮೊದಲಿನ ಅಳತೆ ಪುಸ್ತಕ ಬರೆದವನೂ ಅವನೇ. ನಾಲ್ಕು ದಿನ ಇಬ್ಬರೂ ಕೋಣೆ ಕೋಣೆ ಸುತ್ತಿದೆವು. ಗುತ್ತಿಗೆದಾರ ಗೋಡೆಗೆ ಬಳಿದ ಗಿಲಾವಿನ ಲೆಕ್ಕದಲ್ಲಿ ಕಿಟಕಿ, ಬಾಗಿಲಿನ ಜಾಗವನ್ನು ಕಳೆದೇ ಇರಲಿಲ್ಲ, ಗಾಳಿಗೂ ಗಿಲಾವು ಮಾಡಿದವನ ಹಾಗೆ ಹಣ ಕೇಳಿದ್ದ. ಅದಷ್ಟನ್ನೂ ಹೊಡೆದುಹಾಕಿದೆ. ಕಾರ್ಯದರ್ಶಿಗಳ ಮುಖ ಅರಳಿತು. ಮಾರನೆಯ ದಿನ ಅವರ ಪಟ್ಟಿಯಲ್ಲಿ ಮೆಟ್ಟಿಲುಗಳ ಕಾಂಕ್ರೀಟೇ ಇಲ್ಲವೆಂದು ತೋರಿಸಿದೆ, ಅರಳಿದ್ದು ಬಾಡಿತು. ಇಷ್ಟರವರೆಗೆ ಎಲ್ಲ ನಾವು ದಿನಾ ನೋಡುವಂಥದ್ದೇ.

ನಿಜವಾದ ಜಗಳ ಇದ್ದದ್ದು ನೆಲದೊಳಗೆ. ಒಟ್ಟು ಇಪ್ಪತ್ತನಾಲ್ಕು ಕಂಬ. ನಕ್ಷೆಯಲ್ಲಿ ಎಲ್ಲದಕ್ಕೂ ಆರು ಅಡಿ ಪಾಯ, ಅಳತೆ ಪುಸ್ತಕದಲ್ಲೂ ಆರೇ ಅಡಿ, ಕೆಳಗೆ ಎರಡೂ ಕಡೆಯವರ ಸಹಿ. ಆದರೆ ಹಿಂದಿನ ಸಾಲಿನ ಎಂಟು ಕಂಬಗಳ ಕೆಳಗೆ ಮಣ್ಣು ಮೆತ್ತಗಿತ್ತು, ಗಟ್ಟಿ ನೆಲ ಸಿಗುವವರೆಗೆ ಇಳಿದೆವು ಎಂದು ಗುತ್ತಿಗೆದಾರ ಹೇಳುತ್ತಿದ್ದ. ಹಾಗಾದರೆ ಆರು ಅಡಿಗೆ ಸಹಿ ಯಾಕೆ ಹಾಕಿದೆ ಎಂದು ಕೇಳಿದೆ. ತಲೆ ಕೆರೆದುಕೊಂಡು, "ಓದಿಲ್ಲ ಮೇಡಂ. ಪುಸ್ತಕ ಮುಂದಿಟ್ರು, ಹಾಕ್ದೆ" ಎಂದ. ಕಾರ್ಯದರ್ಶಿಗಳು ಬಗ್ಗಲಿಲ್ಲ. "ದುಡ್ಡು ನಮ್ಮಪ್ಪನ ಮನೇದಲ್ಲ, ಜನ ಹತ್ತು ಇಪ್ಪತ್ತು ಸೇರಿಸಿ ಕೊಟ್ಟಿದ್ದು. ಕಾಗದದಲ್ಲಿ ಇಲ್ಲದ್ದಕ್ಕೆ ನಾನು ಹೇಗೆ ಕೊಡ್ಲಿ?" ಎಂದರು. ಅವರು ಕೆಟ್ಟವರಲ್ಲ ಗುಬ್ಬಿ. ಸಮಿತಿಯ ಚಹಾದ ಖರ್ಚನ್ನೂ ಸ್ವಂತ ಜೇಬಿನಿಂದ ಕೊಡುವ ಮನುಷ್ಯ. ಅವರ ಜಾಗದಲ್ಲಿದ್ದರೆ ನಾನೂ ಅದೇ ಮಾತು ಹೇಳುತ್ತಿದ್ದೆ.

ಹಾಗಾದರೆ ಅಗೆದು ನೋಡೋಣ ಎಂದೆ. ಅಗೆಯುವ ಖರ್ಚು ಯಾರದ್ದು ಎಂದು ಮತ್ತೆ ಶುರುವಾಗುವುದರಲ್ಲಿತ್ತು, ಅಷ್ಟರಲ್ಲಿ ಶೆಡ್ಡಿನ ಕಡೆಯಿಂದ ಮೇಸ್ತ್ರಿ ಎದ್ದು ಬಂದು, "ಕೂತು ಕೂತು ಮೈ ಜಡ್ಡಾಗಿದೆ. ನಾವೇ ಅಗೀತೀವಿ, ದುಡ್ಡೇನೂ ಬೇಡ" ಎಂದ. ಹಿಂದಿನ ಸಾಲಿನ ಮೊದಲ ಕಂಬದ ಪಕ್ಕದಲ್ಲಿ ಒಬ್ಬರು ಇಳಿಯುವಷ್ಟು ಗುಂಡಿ ತೋಡಿದರು. ಆರು ಅಡಿಗೆ ಎಲ್ಲರೂ ಬಗ್ಗಿ ನೋಡಿದರು. ಪಾಯ ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಏಳು, ಎಂಟು, ಒಂಬತ್ತು. ಮಣ್ಣು ಕಪ್ಪಗಾಯಿತು, ಹಳೆಯ ಹೊಂಡದ ವಾಸನೆ ಬಂತು. ಬುಡ ಕಂಡಿತು ಎಂದು ಮೇಸ್ತ್ರಿ ಒಳಗಿನಿಂದ ಕೂಗಿದ ಮೇಲೆ ನಾನು ಸೀರೆಯ ಸೆರಗು ಸಿಕ್ಕಿಸಿ ಏಣಿ ಇಳಿದೆ. ಬೇಡ ಎಂದು ನಾಲ್ಕು ಜನ ಹೇಳಿದರು. ಕೆಳಗೆ ಪಾದ ಮುಳುಗುವಷ್ಟು ನೀರಿತ್ತು. ಟೇಪಿನ ತುದಿಯನ್ನು ಬುಡಕ್ಕೆ ಒತ್ತಿ ಹಿಡಿದೆ, ಮೇಲೆ ಅಳತೆಗಾರ ಓದಬೇಕಿತ್ತು. ಎಷ್ಟಪ್ಪಾ ಎಂದು ಎರಡು ಸಲ ಕೇಳಿದೆ. ಕೊನೆಗೆ, "ಒಂಬತ್ತೂವರೆ" ಎಂದ. ಆಮೇಲೆ ಯಾರೂ ಕೇಳದೆಯೇ, "ನಾನು ಆವತ್ತು ಇಳಿದಿರ್ಲಿಲ್ಲ ಸಾರ್. ಕೆಸರಿತ್ತು, ಹೊಸ ಶೂ ಹಾಕ್ಕೊಂಡಿದ್ದೆ. ನಕ್ಷೆ ನೋಡಿ ಬರೆದ್ಬಿಟ್ಟೆ" ಎಂದ. ಕಾರ್ಯದರ್ಶಿಗಳಿಗೆ ಹೇಳಿದ್ದು. ಗುಂಡಿಯಲ್ಲಿದ್ದ ನನಗೆ ಅವನ ಮುಖ ಕಾಣಲಿಲ್ಲ, ಶೂ ಮಾತ್ರ ಕಾಣುತ್ತಿತ್ತು. ಈಗ ಅದು ಹಳೆಯದಾಗಿ ತುದಿ ಬಾಯಿಬಿಟ್ಟಿತ್ತು. ಒಂದು ಜೊತೆ ಶೂ ಸವೆಯುವಷ್ಟು ಕಾಲ ಆ ಮಾತನ್ನು ಒಳಗಿಟ್ಟುಕೊಂಡಿದ್ದನಲ್ಲ ಎಂದು ಬೈಯಲು ಬಾಯಿ ಬರಲಿಲ್ಲ.

ಕಾರ್ಯದರ್ಶಿಗಳು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕುಳಿತುಬಿಟ್ಟರು. ಆಮೇಲೆ, ಇನ್ನೆರಡು ಕಡೆ ನೋಡಿ ಉಳಿದದ್ದಕ್ಕೂ ಹಾಗೇ ಬರೆದುಕೊಳ್ಳಿ ಎಂದು ಅವರೇ ಹೇಳಿದರು. ನಾನು ಒಪ್ಪದೆ ಎಂಟನ್ನೂ ಅಗೆಸಿದೆ, ಎಂಟಕ್ಕೂ ಇಳಿದೆ. ಅದಕ್ಕೆ ಆರು ದಿನ ಹಿಡಿಯಿತು. ಏಳು ಕಂಬ ಒಂಬತ್ತೂವರೆಗೆ ಒಂದೆರಡು ಇಂಚು ಹೆಚ್ಚುಕಡಿಮೆ, ಮೂಲೆಯ ಎಂಟನೆಯದು ಏಳೇ ಅಡಿ, ಅಲ್ಲಿ ಬಂಡೆ ಸಿಕ್ಕಿತ್ತು. ಅದನ್ನು ಏಳೆಂದೇ ಬರೆದೆ. ಗುತ್ತಿಗೆದಾರ ಕಿಟಕಿಯ ಲೆಕ್ಕಕ್ಕೆ ಗೊಣಗಿ, ಪಾಯದ ಲೆಕ್ಕಕ್ಕೆ ಕೈಮುಗಿದ. ಅವನು ಕೇಳಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿದೆ. ಶುಕ್ರವಾರ ಕೂಲಿ ಬಟವಾಡೆಯಾಯಿತು, ನಾಳೆಯಿಂದ ಕೆಲಸ ಶುರು. ಅಳತೆಗಾರನನ್ನು ತೆಗೆದುಹಾಕಬೇಕೆಂದು ಸಮಿತಿಯಲ್ಲಿ ಮಾತು ಬಂತಂತೆ. ಎಲ್ಲರೆದುರು ತಾನೇ ಒಪ್ಪಿಕೊಂಡವನು ಇನ್ನು ಇಳಿಯದೆ ಬರೆಯಲಾರ ಎಂದು ನನಗೆ ಅನ್ನಿಸಿದ್ದನ್ನು ಹೇಳಿ ಬಂದಿದ್ದೇನೆ. ಸದ್ಯಕ್ಕೆ ಉಳಿಸಿಕೊಂಡಿದ್ದಾರೆ.

ಮಂಡಿಗೆ ನಿಮ್ಮಪ್ಪ ಎರಡು ಹೊತ್ತು ಬಿಸಿನೀರಿನ ಚೀಲ ಇಡುತ್ತಿದ್ದಾರೆ, ಜೊತೆಗೆ ಬೈಗುಳ ಪುಕ್ಕಟೆ. ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಹುಡುಗಿಗೆ ನನ್ನ ನೆನಪು ಹೇಳು. ನಿಮ್ಮಪ್ಪ ನಿನ್ನನ್ನು ಕೇಳಿದ್ದಾರೆ, ತೋರಿಸಿಕೊಳ್ಳುವುದಿಲ್ಲ ಅಷ್ಟೇ. ಆರೋಗ್ಯವಾಗಿರು, ನೆಮ್ಮದಿಯಾಗಿ ನಿದ್ದೆ ಮಾಡು ಕಂದಾ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಇಡೀ ಕಾಗದ ಸುತ್ತಿ ಬಂದು ಈಗ ಬರೆಯುತ್ತಿದ್ದೇನೆ. ಕಾಂಕ್ರೀಟಿನೊಳಗೆ ಹೋಗುವ ಕಂಬಿಗಳನ್ನು ಎಣಿಸಿ ನೋಡದೆ ಅವುಗಳ ಪಟ್ಟಿಗೆ ಸಹಿ ಹಾಕುವುದಿಲ್ಲ ಎಂದು ನೀನು ಕೆಲಸ ಕಳೆದುಕೊಂಡ ದಿನ ನಾನು ಫೋನಿನಲ್ಲಿ, "ಒಂದು ಸಹಿಗೆ ಇಷ್ಟೊಂದು ಹಠಾನಾ? ಎಲ್ರೂ ಹಾಕ್ತಾರೆ" ಎಂದೆ. ಅಂದಿನಿಂದ ನೀನು ನನ್ನ ಫೋನು ಎತ್ತಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ನಾನು ನೋಡದೆ ಸಹಿ ಹಾಕಿದ್ದು ನಾಲ್ಕು ಸಲ. ನಿನಗೆ ಯಾವತ್ತೂ ಹೇಳಿಲ್ಲ, ನಿಮ್ಮಪ್ಪನಿಗೂ ಇಲ್ಲ. ನಾಲ್ಕೂ ಕಟ್ಟಡ ನೆಟ್ಟಗೆ ನಿಂತಿವೆ, ಆದರೂ ಬಸ್ಸು ಆ ರಸ್ತೆಗಳಲ್ಲಿ ಹೋದರೆ ನಾನು ಆಚೆ ಕಡೆಯ ಕಿಟಕಿ ನೋಡುತ್ತೇನೆ. ನೀನು ಮಾಡಿದ್ದು ಸರಿ. ನಾನು ಅಂದದ್ದು ತಪ್ಪು. ಅಂಚೆ ಡಬ್ಬಿಗೆ ಹಾಕಿಬರಲು ನಿಮ್ಮಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಮತ್ತೊಮ್ಮೆ ಓದಿದರೆ ಇಷ್ಟನ್ನೂ ಹರಿದುಹಾಕುತ್ತೇನೋ ಏನೋ, ಅದಕ್ಕೇ ಓದದೆ ಅಂಟಿಸುತ್ತಿದ್ದೇನೆ.