ಘಾಟಿ ಹತ್ತಿದ ಪಾದಗಳು

ಘಾಟಿಯ ಬುಡದ ಲಾಡ್ಜು
ಅಕ್ಟೋಬರ್ ೧೪, ಮಂಗಳವಾರ

ಪುಟ್ಟೀ, ನನ್ನ ಬಂಗಾರ,

ಮೊದಲು ನಿನಗೆ ಬೇಕಾದ ಸುದ್ದಿ. ನನ್ನ ಕಾಲುಗಳೆರಡೂ ಚೆನ್ನಾಗಿವೆ. ಗುಳ್ಳೆಯಿಲ್ಲ, ಬಿರುಕಿಲ್ಲ, ತುರಿಕೆಯಿಲ್ಲ.

ಐವತ್ತಾರು ದಾಟಿದ, ಸಕ್ಕರೆ ಕಾಯಿಲೆಯ ದರ್ಜಿ ಹೆಂಗಸು ಬೈಕ್ ಹತ್ತಿ ಘಾಟಿಗೆ ಹೊರಟಾಗ ಮನೆಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಬೇಡ ಅನ್ನದವಳು ನೀನೊಬ್ಬಳೇ. ದಿನವಿಡೀ ಜನರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವ ನರ್ಸಲ್ಲವೇ! "ಹೋಗಮ್ಮ. ಆದ್ರೆ ಬೆರಳ ಸಂದಿ ಒರೆಸದೆ ಬೂಟು ಹಾಕ್ಬೇಡ" ಅಂದು, ಪೌಡರು, ಕನ್ನಡಿ, ಒಂದು ರಾಶಿ ಕಾಲುಚೀಲ ನನ್ನ ಬ್ಯಾಗಿಗೆ ತುರುಕಿದೆ.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಬೂಟಿನೊಳಗೆ ನೀರು ಪಚಪಚ ಅನ್ನುತ್ತಿತ್ತು. ಪೆಟ್ರೋಲ್ ಬಂಕಿನ ಸೂರಿನಡಿ ನಿಲ್ಲಿಸಿ, ಬೂಟಿಗೆ ಹಳೇ ಪೇಪರ್ ತುರುಕಿ ನೀರು ಹೀರಿಸಿ, ಕಾಲೊರೆಸಿ, ಪೌಡರು ಹಾಕಿ, ಒಣ ಕಾಲುಚೀಲ ತೊಟ್ಟೆ. ಇನ್ನೊಂದು ಬೈಕಿನಲ್ಲಿದ್ದ ನಿನ್ನ ಮಾವ, "ಅಕ್ಕಾ, ಕಾಲಿಗೊಂದು ಜೋಗುಳ ಹಾಡೋದು ಬಾಕಿ ನೋಡು" ಅಂತ ನಕ್ಕ. ಅವನು ಒದ್ದೆ ಬೂಟಿನಲ್ಲೇ ಗಾಡಿ ಓಡಿಸಿದ. ದಾರಿಯಲ್ಲಿ ರಾತ್ರಿ ತಂಗಿದ ಲಾಡ್ಜಿನ ಬಚ್ಚಲಿಗೂ ಬರಿಗಾಲಲ್ಲೇ ಹೋದ.

ಇಲ್ಲಿಗೆ ಬರುವ ಹೊತ್ತಿಗೆ ಅವನ ಬೆರಳ ಸಂದಿ ಬೆಳ್ಳಗೆ ನೆನೆದು, ಸಿಪ್ಪೆ ಎದ್ದು ಬಿರಿದಿತ್ತು. ಗೇರ್ ಬದಲಿಸಿದಾಗಲೆಲ್ಲ ಅಯ್ಯೋ ಅಮ್ಮಾ! ಇಲ್ಲಿನ ಕ್ಲಿನಿಕ್ಕಿನ ಡಾಕ್ಟರು ನೋಡಿ ಫಂಗಸ್ ಅಂದರು, ಮುಲಾಮು ಕೊಟ್ಟರು. ನಾನೂ ನನ್ನ ಕಾಲು ಚಾಚಿದೆ. ಟಾರ್ಚ್ ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡಿ, "ಶುಗರ್ ಇದ್ದೂ ಇಷ್ಟು ಚೆನ್ನಾಗಿ ಇಟ್ಕೊಂಡಿದೀರಲ್ಲ, ಯಾರು ಹೇಳ್ಕೊಟ್ರು?" ಅಂದರು. "ನನ್ನ ಮಗಳು" ಅಂದೆ. ಅಷ್ಟಕ್ಕೇ ಬಿಡಲಿಲ್ಲ, ನಿನ್ನ ಕೆಲಸ, ನಿನ್ನ ವಾರ್ಡು, ನಿನ್ನ ಕೈಗುಣ ಎಲ್ಲ ಹೇಳಿದೆ. ಹೊರಗೆ ಕಾದಿದ್ದವರು ಬೇಕಂತಲೇ ಕೆಮ್ಮಿದರೂ ನಾನು ನಿಲ್ಲಿಸಲಿಲ್ಲ.

ನಿನ್ನೆ ಘಾಟಿಯ ತುದಿ ಮುಟ್ಟಿದೆವು! ದಾರಿಯಲ್ಲಿ ತೊರೆಯೊಂದು ರಸ್ತೆಗೆ ಅಡ್ಡ ಹರಿಯುತ್ತಿತ್ತು. ಮೊದಲ ಗೇರಿನಲ್ಲೇ ನಿಧಾನವಾಗಿ ದಾಟಿದೆ. ಆಚೆ ಬಂಡೆಯ ಮೇಲೆ ಕೂತು ಕಾಲೊರೆಸಿಕೊಂಡು, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಿದ್ದಾಗ ಲಾರಿಯವನೊಬ್ಬ, "ಏನಮ್ಮಾ, ಗಾಡಿ ಕೆಟ್ಟೋಯ್ತಾ?" ಅಂದ. "ಗಾಡೀನೂ ಸರಿಯಾಗಿದೆ, ನಾನೂ ಸರಿಯಾಗಿದೀನಿ" ಅಂದೆ.

ತುದಿಯಲ್ಲಿ ಮೋಡಗಳು ನನ್ನ ಕೆಳಗಿದ್ದವು, ಪುಟ್ಟೀ. ಗಂಟಲು ಬಿಚ್ಚಿ ಕೂಗಿದೆ. ಏನು ಕೂಗಿದೆನೋ, ದೇವರಿಗೇ ಗೊತ್ತು.

ಇಂತಿ, ಬೀಗಿ ಬೀಗಿ ತಲೆಗೆ ಹೆಲ್ಮೆಟ್ಟೂ ಹಿಡಿಸದಂತಾಗಿರುವ
ನಿನ್ನ ಅಮ್ಮ

ತಾ.ಕ.: ಮಾವ ಈಗಷ್ಟೇ ಸ್ನಾನಕ್ಕೆ ಹೋದ, ಅದಕ್ಕೇ ಇದು. "ತುದಿ ಮುಟ್ಟಿದೆವು" ಅನ್ನುವುದು ಅವನು ಪಕ್ಕದಲ್ಲೇ ಕೂತು ಬರೆಸಿದ್ದು. ಡಾಕ್ಟರು ಬೂಟು ಮುಟ್ಟಬೇಡಿ ಅಂದಾಗಿನಿಂದ ಅವನು ಲಾಡ್ಜಿನ ಮಂಚದಲ್ಲೇ ಇದ್ದಾನೆ. ಘಾಟಿ ಹತ್ತಿದ್ದು ನಾನೊಬ್ಬಳೇ.