ಸೀಟು ತಗ್ಗಿಸಿದ್ದು ಯಾರಿಗೆ

ರೀ,

ನೀವಿನ್ನೂ ಎದ್ದಿಲ್ಲ, ನಾನು ಎಂಟು ಹತ್ತರ ಲೋಕಲ್ ರೈಲು ಹಿಡಿಯಬೇಕು. ಸಾರು ಒಲೆಯ ಮೇಲಿದೆ, ಹಾಲು ಕಾಯಿಸಿಲ್ಲ.

ಮೋಟಾರ್ ಸೈಕಲ್ಲಿನ ಹರಿದ ಸೀಟು ಹೊಲಿಸಿದೆ ಎಂದಿರಿ. ಆರಡಿ ಎತ್ತರದ ನೀವು ಕೂತರೆ ಈಗ ಮಂಡಿ ಟ್ಯಾಂಕಿಗಿಂತ ಮೇಲೆ ಬರುತ್ತದೆ. ಅದು ನನಗೆ ಕಾಣುವುದಿಲ್ಲವೇ? ನಿನ್ನೆ ಬೆಳಿಗ್ಗೆ ಗೋರೆಗಾಂವ್ ಸ್ಟೇಷನ್ ಹತ್ತಿರ ನಿಮ್ಮ ಮೆಕ್ಯಾನಿಕ್ಕನ್ನೇ ಕೇಳಿದೆ. ಸೀಟಿನ ಫೋಮ್ ಎರಡಿಂಚು ಕತ್ತರಿಸಿ, ಹಿಂದೆ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿದನಂತೆ. "ಪಾಂಚ್ ಫೂಟ್ ಕಾ ಲೇಡೀಸ್ ಹೈ ಭಾಭಿ, ಸಾಬ್ ನೇ ಬೋಲಾ" ಎಂದ. ಓಡಿಸುವವಳು ಐದಡಿಯ ಹೆಂಗಸು ಎಂದು ನೀವೇ ಹೇಳಿದಿರಂತೆ.

ನಾನು ಐದೂವರೆ ಅಡಿ. ನನಗೆ ಸೈಕಲ್ಲೂ ಬಾರದು. ಆಮೇಲೆ ಆಫೀಸಿನಲ್ಲಿ ಒಂದು ಲೆಟರನ್ನೂ ಸರಿಯಾಗಿ ಟೈಪ್ ಮಾಡಲಾಗಲಿಲ್ಲ.

ಸಂಜೆ ಮೀಟಿಂಗ್ ಇದೆ ಎಂದು ನೀವು ಹೊರಟಾಗ ಆಟೋದಲ್ಲಿ ಹಿಂದೆಯೇ ಬಂದೆ. ಸಾಂತಾಕ್ರೂಜ್‌ನಲ್ಲಿ ಅತ್ತೆಯ ಮನೆಯ ಹಿಂದಿನ ಮೈದಾನದಲ್ಲಿ ನಿಮ್ಮ ತಂಗಿ ಪಂಕಜಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ಓಡಿಸುತ್ತಿದ್ದಳು, ನೀವು ಹಿಂದೆ ಓಡುತ್ತಿದ್ದಿರಿ. ಗಂಡ ತೀರಿಕೊಂಡ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ನಿನ್ನೆಯೇ. ಮಾತಾಡಿಸಲು ನಾಚಿಕೆಯಾಗಿ ಅದೇ ಆಟೋದಲ್ಲಿ ವಾಪಸು ಬಂದೆ.

ಮಂಚದ ಮೇಲೆ ನನ್ನ ಎರಡು ಸಲ್ವಾರ್ ಕಮೀಜ್ ಇಟ್ಟಿದ್ದೇನೆ, ಅವಳಿಗೆ ಕೊಡಿ. ಸೀರೆ ಚೈನಿಗೆ ಸಿಕ್ಕೀತು. ಉದ್ದವಾದರೆ ಮಡಿಸಿ ಹೊಲಿದುಕೊಳ್ಳಲಿ.

ಆದರೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. "ಅತ್ತಿಗೆಗೆ ಹೇಳೋದು ಬೇಡ" ಎಂದು ಮೊದಲು ಅಂದದ್ದು ಅವಳೋ, ನೀವೋ? ನಾನು ಬೇಡ ಎನ್ನುವವಳು ಎಂದು ನಿಮಗೆ ಯಾವತ್ತು ಅನ್ನಿಸಿತು? ಸಂಜೆ ನನ್ನ ಮುಖ ನೋಡಿ ಹೇಳಿ.

ವನಮಾಲಾ